ಹಳೇ ಚೀಲ ಮುಂದ

ಬೆಳಿಗ್ಗೆ ಎಂಟಕ್ಕೆ ಫ್ರಿಜ್ಜಿನ ಬಾಗಿಲು ತೆಗೆದರೆ
ಮುಖಕ್ಕೆ ನಾಲ್ಕು ಡಿಗ್ರಿ,
ಬೆನ್ನಿಗೆ ರಾಯಚೂರಿನ ಮೇ ತಿಂಗಳು.
ನಡುವೆ ನಿಂತು ಎಣಿಸುತ್ತೇನೆ.

ಎ ಪಾಸಿಟಿವ್ ಹನ್ನೊಂದು. ಬಿ ಹದಿನಾಲ್ಕು,
ಅದರಲ್ಲಿ ಮೂರು ಹೆರಿಗೆ ವಾರ್ಡಿಗೆ ಹೊಂದಿಸಿಟ್ಟದ್ದು,
ಇದ್ದೂ ಇಲ್ಲದ ಲೆಕ್ಕ.
ಎಬಿ ಎರಡು. ಓ ಆರು, ಸಾಲದು.
ಕಾಲೇಜಿಗೆ ರಜೆ, ಶಿಬಿರಗಳಿಲ್ಲ,
ಊರಿನ ನರಗಳೇ ಬಿಸಿಲಿಗೆ ಒಳಸರಿದಂತೆ.
ಕೆಳಗಿನ ಖಾನೆಯ ಮೂಲೆಯಲ್ಲಿ, ಕೆಂಪು ಟೇಪಿನ ಹಿಂದೆ
ಓ ನೆಗೆಟಿವ್: ಒಂದು.

ಯಾರ ಹೆಸರಿಗೂ ಇಲ್ಲದ ಚೀಲ ಇದು.
ಗುಂಪು ನೋಡಲು ಹೊತ್ತಿಲ್ಲದೆ ಬರುವವರಿಗೆ:
ಲಿಂಗಸುಗೂರು ರಸ್ತೆಯಲ್ಲಿ ಲಾರಿಗೆ ಸಿಕ್ಕ ಹುಡುಗನಿಗೆ,
ದೇವದುರ್ಗದಿಂದ ಬರುತ್ತ ಬರುತ್ತ ಆಂಬುಲೆನ್ಸಿನಲ್ಲೇ
ಬಿಳಿಚಿಕೊಂಡ ಬಾಣಂತಿಗೆ.
ಮೂರು ಸಲ ಕೈಗೆತ್ತಿಕೊಂಡೆ. ಮೂರೂ ಸಲ
ಗುಂಪು ತಿಳಿಯಿತು, ಬೇರೆಯದು ಹೊಂದಿತು,
ಮತ್ತೆ ಮೂಲೆಗಿಟ್ಟೆ.
ಇವತ್ತಿಗೆ ನಲವತ್ತೆರಡು ದಿನ. ಇವತ್ತೇ ಕೊನೆ.

ಚೀಲದ ಮೇಲೆ ಹೆಸರಿರುವುದಿಲ್ಲ, ನಂಬರು.
ಗಂಜಿನ ಹಮಾಲ ತಾಯಪ್ಪಣ್ಣನ ನಂಬರು ನನಗೆ ಬಾಯಿಪಾಠ.
ಈ ಗುಂಪಿನವರು ನಮ್ಮ ವಹಿಯಲ್ಲಿ ಒಂಬತ್ತೇ ಜನ:
ಇಬ್ಬರು ಫೋನ್ ಎತ್ತುವುದಿಲ್ಲ, ಒಬ್ಬಳು ಬಸುರಿ,
ಒಬ್ಬ ಗುಮಾಸ್ತರು ವರ್ಗವಾಗಿ ಬೀದರಿಗೆ ಹೋದರು.
ತಾಯಪ್ಪಣ್ಣ ಕರೆದರೆ ಬರುತ್ತಾನೆ,
ಹೆಗಲ ಮೇಲಿನ ಭತ್ತದ ಧೂಳಿನ ಸಮೇತ.

ಹೊಸಬಳಾಗಿದ್ದಾಗ ನನಗೆ ಕಲಿಸಿದವನೂ ಅವನೇ.
ಸೂಜಿ ಚುಚ್ಚಿಸಿಕೊಂಡು ಮಲಗಿದಲ್ಲೇ ತಲೆ ಹೊರಳಿಸಿ
ತೆರೆದ ಫ್ರಿಜ್ಜಿನೊಳಗೆ ನೋಡಿದ:
"ಅಕ್ಕಾರ, ಹೊಸಾದು ಮುಂದ ಯಾಕ ಇಟ್ಟೀರಿ?
ಹಳೇ ಚೀಲ ಮುಂದ, ಹೊಸಾದು ಹಿಂದ.
ಇಲ್ಲಾಂದ್ರ ನಿಟ್ಟಿನ ಬುಡದಾಗ ನುಸಿ ಬೀಳ್ತದ."
ನಕ್ಕಿದ್ದೆ.
ಆ ತಿಂಗಳ ಕೊನೆಗೆ ಏಳು ಚೀಲ ಎಸೆಯುವಾಗ
ನಗು ಬರಲಿಲ್ಲ.

ಸಂಜೆ ಐದಕ್ಕೆ ಕ್ಯಾಶುವಾಲ್ಟಿಗೆ ಫೋನ್ ಹಚ್ಚಿದೆ.
"ಏನಾದರೂ ಬಂದಿದೆಯಾ?"
"ಇಲ್ಲ ಮೇಡಂ, ಇವತ್ತು ಶಾಂತ," ಅಂದ ಆ ಕಡೆಯ ಹುಡುಗ.
"ಹೌದಾ," ಅಂದೆ. ಆ ಹೌದಾದಲ್ಲಿ ಇದ್ದದ್ದೇನು?
ಒಂದು ಚೀಲ ಕೆಡಬಾರದೆಂದು
ಯಾರೋ ಒಬ್ಬರು ಹರಿದುಹೋಗಲೆಂದು ಕಾಯುತ್ತಿದ್ದೆನೆ?
ಮನೆಗೆ ಹೋಗಿ ರೊಟ್ಟಿ ತಟ್ಟುವಾಗಲೂ ಅದೇ.
ಕಾವಲಿಯ ಮೇಲೊಂದು ಹೊತ್ತಿತು.

ಮರುದಿನ ವಹಿಯಲ್ಲಿ ಬರೆದೆ:
ಅವಧಿ ಮುಗಿದಿದೆ. ವಿಲೇವಾರಿ. ಸಹಿ.
ಚಾಂದಪಾಷಾ ಹಳದಿ ಚೀಲದ ಬಾಯಿ ಅಗಲಿಸಿ ನಿಂತ.
ಇನ್ನೂ ತಣ್ಣಗಿತ್ತು. ಬಣ್ಣ ಮಾತ್ರ
ಹೋದ ವರ್ಷದ ಒಣಮೆಣಸಿನಕಾಯಿಯ ಹಾಗೆ ಕಪ್ಪಿಗೆ ತಿರುಗಿತ್ತು.

ಹನ್ನೊಂದಕ್ಕೆ ತಾಯಪ್ಪಣ್ಣ ಬಂದ,
ಹೆಂಡತಿಯ ಬೀಪಿ ಗುಳಿಗೆಗೆಂದು ಬಂದವನು
ಕಿಟಕಿಯಲ್ಲಿ ಇಣುಕಿದ.
"ಹೋದ ಸಲದ್ದು ಯಾರಿಗೆ ಹೋತ್ರೀ?"
ಬಾಣಂತಿಗೆ ಎನ್ನಬಹುದಿತ್ತು.
ನಾಲಿಗೆಯ ತುದಿಯಲ್ಲೇ ಇದ್ದಳು, ಕೂಸಿನ ಸಮೇತ.
"ಯಾರಿಗೂ ಬೇಕಾಗಲಿಲ್ಲ, ತಾಯಪ್ಪಣ್ಣ."

ಗೋದಾಮಿನಲ್ಲಿ ಲಾಟು ಎಣಿಸುವವನ ಹಾಗೆ
ಬೆರಳು ಮಡಚಿದ, ಬಿಚ್ಚಿದ.
"ನಲವತ್ತು ದಿನ? ಒಬ್ಬರಿಗೂ?"
ಟವೆಲು ಕೊಡವಿದ. ಹೊಟ್ಟಿನ ಧೂಳು ಬಿಸಿಲಿಗೆ ಎದ್ದಿತು.
"ಚೊಲೋನ ಆತಲ್ರೀ ಮತ್ತ."
ನಾಲ್ಕು ಹೆಜ್ಜೆ ಹೋಗಿ ತಿರುಗಿದ:
"ಮುಂದಿನ ಸಲ ಉಪ್ಪಿನ ಬಿಸ್ಕೀಟು ಇಡ್ರೀ.
ಸೀದು ನನಗ ಸೇರಂಗಿಲ್ಲ."

ಅವನು ಹೇಳಿದ್ದನ್ನು ಬರೆಯಲು
ವಹಿಯಲ್ಲಿ ಕಲಮಿಲ್ಲ.
ಕೆಂಪು ಟೇಪಿನ ಹಿಂದೆ ಖಾಲಿ ಜಾಗ.
ಬಾಗಿಲು ಹಾಕಿ,
ಎತ್ತದ ಆ ಇಬ್ಬರಲ್ಲಿ ಮೊದಲನೆಯವರಿಗೆ ಮತ್ತೆ ಹಚ್ಚಿದೆ.
ರಿಂಗಾಗುತ್ತಿದೆ.